ಅಪ್ಪನ ಚೌಕುಳಿ ಲಂಗ

ಅಪ್ಪನಿಗೆ ಲಂಗ ಹೊಲಿದುಕೊಟ್ಟವಳು ನಾನೇ. ಆದರೆ ಅದನ್ನು ತೊಟ್ಟ ಅಪ್ಪನ ಪಕ್ಕದಲ್ಲಿ ಬೀದಿಗಿಳಿಯಲು ನನಗೇಕೆ ಕಾಲೇ ಬರಲಿಲ್ಲವೋ, ಈಗಲೂ ಅರ್ಥವಾಗುತ್ತಿಲ್ಲ.

ಅಪ್ಪ ಬಸ್ ಡ್ರೈವರ್. ಚಳಿಗಾಲದಲ್ಲಿ ಅವರ ಎಡತೊಡೆಗೆ ಆಪರೇಷನ್ ಆಯಿತು. ದಿನಾ ಗುಡ್ಡ ಹತ್ತಿಳಿಯಬೇಕು, ಇಲ್ಲದಿದ್ದರೆ ಕಾಲು ಬಿಗಿಯುತ್ತದೆ ಎಂದರು ಡಾಕ್ಟರು. ಬಿಗಿದ ಕಾಲಲ್ಲಿ ಕ್ಲಚ್ ಒತ್ತಲಾಗದು. ಕ್ಲಚ್ ಒತ್ತಲಾಗದವರನ್ನು ಡಿಪೋದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರಿಸಿಬಿಡುತ್ತಾರೆ. ಅಪ್ಪನಿಗೆ ಅದೊಂದು ಬೇಡ. ಆದರೆ ಯಾವ ಪ್ಯಾಂಟ್ ಹಾಕಿದರೂ ಒಳಹೊಲಿಗೆ ಗಾಯದ ಕಲೆಯ ಮೇಲೇ ಉಜ್ಜಿ, ಅರ್ಧ ಗುಡ್ಡಕ್ಕೆ ಚರ್ಮ ಸುಲಿದುಹೋಗುತ್ತಿತ್ತು. ಚಡ್ಡಿಯದೂ ಅದೇ ಕಥೆ.

ಹೀಗಿರುವಾಗ ಚಾರಣಿಗರ ಪತ್ರಿಕೆಯೊಂದರಲ್ಲಿ, ಕಿಲ್ಟ್ ಎನ್ನುವ ಮೊಣಕಾಲುದ್ದದ ನೆರಿಗೆ ಲಂಗ ತೊಟ್ಟು ಬೆಟ್ಟ ಹತ್ತುವ ಗಂಡಸರ ಫೋಟೋ ಬಂತು. ಅಪ್ಪ ಅದನ್ನು ತಂದು ಅಮ್ಮನ ಹೊಲಿಗೆ ಮಿಷನ್ ಮೇಲೆ ಇಟ್ಟರು. ಅಮ್ಮ ಹೆಣ್ಣುಮಕ್ಕಳ ಶಾಲೆಗೆ ಯೂನಿಫಾರ್ಮ್ ಹೊಲಿಯುತ್ತಾಳೆ. ಕನ್ನಡಕದ ಮೇಲಿಂದ ಫೋಟೋ ನೋಡಿದಳು, ಅಪ್ಪನನ್ನು ನೋಡಿದಳು.

"ಇವತ್ತು ಲಂಗ. ನಾಳೆ ಜಡೇನೂ ಹೆಣೀಬೇಕಾಗತ್ತೇನೋ."

ಅಪ್ಪ ಬೋಳುತಲೆ ಸವರಿಕೊಂಡರು. "ಅದಕ್ಕೆ ಸರಕು ಸಾಲಲ್ಲ ಬಿಡೇ."

ಅಮ್ಮ ಮಿಷನ್ ಬಿಟ್ಟು ಎದ್ದು ಹೋದಳು. ಅಪ್ಪ ನನ್ನ ಮುಖ ನೋಡಿದರು. ಡಿಗ್ರಿ ಮುಗಿಸಿ ಮನೆಯಲ್ಲಿರುವವಳು; ಆಗಲ್ಲ ಅನ್ನುವ ಮಾತು ನನ್ನ ಬಾಯಿಗೆ ಯಾವತ್ತೂ ಸಮಯಕ್ಕೆ ಬರುವುದಿಲ್ಲ.

ಮೂಲೆಯ ಥಾನಿನಿಂದ ಬಟ್ಟೆ ಕತ್ತರಿಸಿದೆ. ಹಸಿರು ಬಿಳಿ ಚೌಕುಳಿ. ನಮ್ಮನೆಯ ದಿಂಬಿನ ಕವರು, ಪರದೆ, ಒಲೆಯೊರೆಸುವ ಚಿಂದಿ, ಎಲ್ಲವೂ ಅದೇ. ನೋಡಿ ನೋಡಿ ನಮ್ಮ ಕಣ್ಣಿಗೆ ಅದು ಬರೀ ಬಟ್ಟೆ. ನೀರಿನ ಬಾಟಲಿ ಹಿಡಿಸುವಂಥ ಜೇಬು ಬೇಕು ಎಂದಿದ್ದರು ಅಪ್ಪ. ಎರಡೂ ಬದಿಗೆ ಇಟ್ಟೆ.

ಭಾನುವಾರ ಬೆಳಿಗ್ಗೆ ಹೊರಟೆವು. ಅಪ್ಪ ಮುಂದೆ, ಕೋಲೂರಿಕೊಂಡು; ನಾನು ಯಾರೋ ಎನ್ನುವಂತೆ ಹಿಂದೆ. ಬೇಕರಿಯವನು ಅಪ್ಪನಿಗೆ ನಮಸ್ಕಾರ ಹೇಳಲು ಬಾಯಿ ತೆರೆದವನು ಹಾಗೇ ನಿಂತ. ಹೋದ ವರ್ಷ ಇದೇ ಬೀದಿಯಲ್ಲಿ ಅಪ್ಪ ಚಡ್ಡಿಯಲ್ಲಿ ಓಡಾಡಿದ್ದರು, ಇದಕ್ಕಿಂತ ಹೆಚ್ಚೇ ಕಾಲು ಕಾಣುತ್ತಿತ್ತು. ನಾನು ಕಾಲೇಜಿಗೆ ಪ್ಯಾಂಟಿನಲ್ಲಿ ಹೋದಾಗ ಯಾರೂ ತಿರುಗಿ ನೋಡಿರಲಿಲ್ಲ. ಹಾಗಾದರೆ ನಾಚಿಕೆ ಯಾವುದರದ್ದು? ಮೊಣಕಾಲಿನದೋ, ನೆರಿಗೆಯದೋ? ನಾಚಬೇಕಾದವರು ಅಪ್ಪ ತಾನೇ, ನನ್ನ ಕಿವಿ ಯಾಕೆ ಬಿಸಿಯಾಗಬೇಕು?

ಗುಡ್ಡದ ಅರ್ಧದಾರಿಯ ತಿರುವಿನಲ್ಲಿ ಅಪ್ಪ ಗಕ್ಕನೆ ನಿಂತರು. ಬಂಡೆಗಳ ಮೇಲೆ, ಭಾನುವಾರದ ಚಾರಣಕ್ಕೆ ಬಂದ ಶಾಲೆಯ ಹುಡುಗಿಯರ ಗುಂಪೊಂದು ಟೀಚರ್ ಜೊತೆ ಸುಧಾರಿಸಿಕೊಳ್ಳುತ್ತಿತ್ತು. ಎಲ್ಲರದೂ ಹಸಿರು ಬಿಳಿ ಚೌಕುಳಿ ಲಂಗ.

ಅಪ್ಪ ಅವರನ್ನು ನೋಡಿದರು, ತಮ್ಮ ಲಂಗ ನೋಡಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು. "ಯಾವ ಕ್ಲಾಸಿಗೆ ಸೇರಿಸಿದೀಯಮ್ಮ ನನ್ನ?"

ದನಿಯಲ್ಲಿ ನಗುವಿತ್ತು, ಮುಖದಲ್ಲಿರಲಿಲ್ಲ. ಕೋಲು ಇಳಿಜಾರಿನ ಕಡೆಗೆ ತಿರುಗಿತು. ಈಗ ಇಳಿದರೆ ಅಪ್ಪ ಇನ್ನು ಹತ್ತುವುದಿಲ್ಲ, ಟಿಕೆಟ್ ಕಿಟಕಿಯೇ ಗತಿ. ಅದು ನನಗೂ ಗೊತ್ತು. ಏನಾದರೂ ಹೇಳಬೇಕಿತ್ತು.

ಕಿಸಿಕಿಸಿ ನಗುವಿನ ನಡುವಿನಿಂದ ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿಯೊಬ್ಬಳು ಎದ್ದು ಬಂದಳು. "ಅಂಕಲ್, ನಿಮ್ದಕ್ಕೆ ಜೇಬಿದೆಯಾ?"

ಅಪ್ಪ ಜೇಬಿನಿಂದ ಬಾಟಲಿ ತೆಗೆದು ತೋರಿಸಿದರು. ನಗು ನಿಂತುಹೋಯಿತು. ತಮ್ಮ ಲಂಗಕ್ಕೆ ಕರ್ಚೀಫ್ ಇಡುವಷ್ಟೂ ಜೇಬಿಲ್ಲ ಎಂದು ಎಲ್ಲರೂ ಒಟ್ಟಿಗೇ ದೂರತೊಡಗಿದರು. ಹೊಲಿದವರು ಯಾರೆಂದು ಕೇಳಿದಾಗ ಅಪ್ಪ ಕೋಲಿನಿಂದ ನನ್ನನ್ನು ತೋರಿಸಿದರು. ಅಷ್ಟೂ ಕಣ್ಣುಗಳು ನನ್ನ ಮೇಲೆ.

ಅಷ್ಟರಲ್ಲಿ ಗಾಳಿ ಎದ್ದಿತು. ಹುಡುಗಿಯರ ಕೈಗಳು ಮಾತು ನಿಲ್ಲಿಸದೆಯೇ ಲಂಗ ಅದುಮಿ ಹಿಡಿದವು. ಅಪ್ಪನ ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಕೋಲು. ನೆರಿಗೆಗಳು ಅರಳಿಕೊಂಡವು. ಯಾವಾಗ ಓಡಿದೆನೋ, ಹಿಂದಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಿದ್ದೆ.

"ಹಿಡ್ಕೊಂಡಿರ್ತೀನಿ. ಹತ್ತಿ ಅಪ್ಪ," ಅಂದೆ. ಅದು ನನ್ನದೇ ದನಿ.

ಅಪ್ಪ ಹತ್ತಿದರು. ತುದಿ ಮುಟ್ಟಿದಾಗ ತೊಡೆ ಒಂದಿಷ್ಟೂ ಉರಿಯುತ್ತಿಲ್ಲ ಅಂದರು. ಗಾಳಿ ಎಷ್ಟೋ ಕೆಳಗೇ ನಿಂತಿತ್ತು. ನಾನು ಮಾತ್ರ ಅಂಚು ಬಿಟ್ಟಿರಲಿಲ್ಲ. ಅಪ್ಪನ ಮಾನಕ್ಕಾಗಿ ಹಿಡಿದಿದ್ದೆನೋ, ಅಷ್ಟು ಕಣ್ಣುಗಳ ಮುಂದೆ ನನಗೇ ಹಿಡಿದುಕೊಳ್ಳಲು ಏನಾದರೂ ಬೇಕಿತ್ತೋ.