ಎರಡು ಹಗ್ಗದ ಕವಣೆ

ಚಿಕ್ಕಬೋರಮ್ಮನಿಗೆ ದೂರದ ಕಣ್ಣು ಇರಲಿಲ್ಲ. ಹತ್ತಿರದ್ದು ಇತ್ತು. ಮೊರದಲ್ಲಿನ ಹುರುಳಿಯೊಳಗೆ ಸೇರಿಕೊಂಡ ಕಲ್ಲು ಕಾಣುತ್ತಿತ್ತು, ಸೊಸೆ ಮುಖ ಗಂಟು ಹಾಕಿಕೊಂಡದ್ದೂ ಕಾಣುತ್ತಿತ್ತು. ಹತ್ತು ಮಾರಿನಾಚೆ ಮಾತ್ರ ಲೋಕವೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ.

ಕೈ ಮೊದಲಿನಂತೆಯೇ ಇತ್ತು. ಮದುವೆಯಾಗಿ ಬಂದ ವರ್ಷದಿಂದ ಜೋಳದ ಹೊಲದ ಕಾವಲು ಅವಳದು. ಹೊಲದ ನಡುವೆ ಕಂಬ ನೆಟ್ಟು ಕಟ್ಟಿದ ಅಟ್ಟಣೆ ಹತ್ತಿ, ಕವಣೆಗೆ ಕಲ್ಲಿಟ್ಟು, ತಲೆಯ ಮೇಲೆ ಬೀಸಿ ಬಿಟ್ಟರೆ ಕಲ್ಲು ಆಚೆ ಬದುವಿಗೆ ಹೋಗಿ ಬೀಳುತ್ತಿತ್ತು. ಊರಿನ ಗಂಡಸರಲ್ಲೂ ಅಷ್ಟು ದೂರ ಬಿಡುವವರು ಇಬ್ಬರೋ ಮೂವರೋ. ಅಟ್ಟಣೆಯ ಮೇಲೆ ಇರುವಷ್ಟು ಹೊತ್ತು ಅವಳು ಯಾರ ಅತ್ತೆಯೂ ಅಲ್ಲ, ಯಾರ ಅವ್ವನೂ ಅಲ್ಲ. ಕೆಳಗಿಳಿದರೆ ಅವರೆಕಾಯಿ ಬಿಡಿಸುವ ಮುದುಕಿ.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಜೋಳ ಹಾಲುಗಾಳು ಕಟ್ಟಿತ್ತು. ಒಂದು ಬೆಳಿಗ್ಗೆ ಪಕ್ಕದ ಹೊಲದ ಬದುವಿನ ಹತ್ತಿರ ಬೆಳ್ಳಗೇನೋ ಕೂತಿದ್ದು ಅವಳಿಗೆ ಮಸುಕಾಗಿ ಕಂಡಿತು. ಕೊಕ್ಕರೆ ಎಂದುಕೊಂಡಳು. ಕೊಕ್ಕರೆ ಜೋಳ ತಿನ್ನುವುದಿಲ್ಲ ನಿಜ, ಆದರೆ ಅಷ್ಟು ದೊಡ್ಡ ಕೊಕ್ಕರೆ ಒಳಗೆ ಬಂದರೆ ಸಾಲು ತುಳಿಯದೆ ಬಿಡುವುದಿಲ್ಲ. ಬೀಸಿ ಬಿಟ್ಟಳು. ಠಣ್ ಎಂದು ಸದ್ದಾಯಿತು. ಕೊಕ್ಕರೆ ಎದ್ದು, ಪಂಚೆ ಎತ್ತಿ ಹಿಡಿದುಕೊಂಡು ಓಡಿತು.

ಅದು ಪಕ್ಕದ ಹೊಲದ ಮರಿಸಿದ್ದಯ್ಯ. ಚೆಂಬು ತೆಗೆದುಕೊಂಡು ಬಂದು ಬಯಲಿಗೆ ಕೂತಿದ್ದ. ಕಲ್ಲು ಬಿದ್ದದ್ದು ಚೆಂಬಿಗೆ.

ಬಿಸಿಲೇರುವ ಮುಂಚೆ ಅವನು ನೆಗ್ಗಿದ ಚೆಂಬು ಹಿಡಿದು ಜಗಲಿಯ ಮುಂದೆ ನಿಂತಿದ್ದ. "ನೋಡ್ಲಾ ಸಿದ್ರಾಜ, ಒಂದ್ ಗೇಣು ಇತ್ಲಾಗೆ ಬಿದ್ದಿದ್ರೆ ಇವತ್ತು ನಮ್ಮನೇಲಿ ಸಾವಾಗಿ ಒಲೆ ಉರೀತಿರ್ಲಿಲ್ಲ" ಎಂದ.

"ನೀನ್ಯಾಕೆ ನಮ್ಮೊಲಕ್ಕೆ ಮುಖ ಮಾಡ್ಕಂಡು ಕುಂತಿದ್ದೆ?" ಎಂದು ಚಿಕ್ಕಬೋರಮ್ಮ ಕೇಳಿದಳು.

"ಮುಖ ಮಾಡಿರ್ಲಿಲ್ಲ ಕಣಮ್ಮ."

ಬಾಗಿಲ ಹಿಂದೆ ಸೊಸೆ ಮಲ್ಲಿಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಮಗ ಸಿದ್ದರಾಜು ನಗಲಿಲ್ಲ. ಅವ್ವನ ಕೈಯಿಂದ ಕವಣೆ ತೆಗೆದು ಗೂಟಕ್ಕೆ ಸಿಕ್ಕಿಸಿದ.

"ಸಾಕು ಕಣವ್ವ. ಇವತ್ತು ಚೆಂಬಿಗೆ ಬಿತ್ತು, ನಾಳೆ ಕರೆಂಟು ತಂತಿಗೆ ಬಿದ್ರೆ ಜೈಲಿಗೆ ಯಾರ್ ಓಗಾದು? ಮದ್ದೂರಿಂದ ನನ್ ಬಾಮೈದುನ್ನ ಕರಸ್ತೀನಿ. ಭಾನುವಾರ ಬತ್ತಾನೆ. ನೀನು ಮನೇಲಿರು."

ಶಿವನಸಮುದ್ರದಿಂದ ಬಂದ ತಂತಿ ಅವರ ಹೊಲದ ಮೇಲೆಯೇ ಹಾದು ಹೋಗುತ್ತಿತ್ತು. ಊರಿನಲ್ಲಿ ಒಂದು ಬಲ್ಬೂ ಇರಲಿಲ್ಲ. ತಂತಿಯ ಉಪಯೋಗ ಪಡೆದಿದ್ದು ತೆನೆಗೆ ಇಳಿಯುವ ಮುಂಚೆ ಅದರ ಮೇಲೆ ಕೂರುವ ಗಿಳಿಗಳು. ಮಗ ಹೇಳಿದ್ದು ತಪ್ಪೆಂದು ಚಿಕ್ಕಬೋರಮ್ಮನಿಗೂ ಅನ್ನಿಸಲಿಲ್ಲ. ಆದರೆ ಬೀಗರ ಮನೆಯ ಹುಡುಗ ಒಂದು ಸಲ ಅಟ್ಟಣೆ ಹತ್ತಿದರೆ ತಾನು ಮತ್ತೆ ಹತ್ತುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಎರಡು ದಿನ ಅವರೆಕಾಯಿ ಬಿಡಿಸಿದಳು.

ಮೂರನೆಯ ದಿನ ಅವಳ ಅಣ್ಣನ ಮಗ ಕರಿಯಪ್ಪ ಬಂದ. ಮಿಲಿಟರಿಯಲ್ಲಿದ್ದವನು, ರಜೆಯ ಮೇಲೆ ಬಂದಿದ್ದ. ಹೋದ ಸಲ ಬಂದಾಗ ಅವನ ಯುದ್ಧದ ಕತೆ ಕೇಳಲು ಊರೇ ಸೇರಿತ್ತು. ಈ ಸಲ ಅವನು ಬಾಯಿ ತೆರೆದರೆ ಜನಕ್ಕೆ ದನ ಕಟ್ಟುವುದು ನೆನಪಾಗುತ್ತಿತ್ತು. ಅತ್ತೆಗೆ ಎದ್ದು ಹೋಗಲು ಜಾಗವಿರಲಿಲ್ಲ. ಆದ್ದರಿಂದ ಅವಳ ಮುಂದೆ ಕೂತು ಶುರುಮಾಡಿದ.

"ಗುಂಡು ಆರ್ಸೋ ತೋಪುಗಳು ಐದಾರು ಮೈಲಿ ಇಂದೆ ಇರ್ತವೆ ಕಣತ್ತೆ. ಒಡೆಯೋನಿಗೆ ಎದುರಿನೋನು ಕಾಣಕಿಲ್ಲ. ಕಾಣೋರು ನಾವು. ಮುಂದ್ಗಡೆ ಮರದ್ ಮ್ಯಾಲೆ ಕುಂತು ಸಾಯೇಬ್ರು ದುರ್ಬೀನಾಗೆ ನೋಡಿ ಯೇಳೋರು, ನಾನು ವೈರ್‌ಲೆಸ್‌ನಾಗೆ ತೋಪಿನೋರಿಗೆ ಯೇಳ್ತಿದ್ದೆ. ಮೊದಲ್ನೇ ಗುಂಡು ಆಚೆ ಬಿತ್ತಾ, ಎರಡ್ನೇದು ಈಚೆ ಬೀಳಿಸಾದು. ಆಮ್ಯಾಲೆ ಎರಡ್ರ ನಡುವೆ. ಮೂರ್ನೇದು ತಪ್ಪಾಕಿಲ್ಲ."

ಚಿಕ್ಕಬೋರಮ್ಮನ ಕೈ ನಿಂತಿತು. "ಒಡೆಯೋನಿಗೆ ಏನೂ ಕಾಣಕಿಲ್ವಾ?"

"ಏನೂ ಇಲ್ಲ."

"ಅಂಗಂತ ಯಾರೂ ಅವ್ನ ಬಯ್ಯಾಕಿಲ್ವಾ?"

"ಯಾಕ್ ಬಯ್ತಾರೆ? ಮೆಡಲ್ ಕೊಡ್ತಾರೆ."

ಅವಳು ಮೊರ ಪಕ್ಕಕ್ಕಿಟ್ಟಳು. "ಮರ ಅತ್ತಾಕೆ ಬತ್ತದೇನ್ಲಾ ಇನ್ನೂವೆ, ಇಲ್ಲಾ ಸರ್ಕಾರದ ಅನ್ನ ತಿಂದು ಮರ್ತ್ಯಾ?"

ಸಿದ್ದರಾಜು ಮಳವಳ್ಳಿ ಸಂತೆಗೆ ಹೋಗಿದ್ದ. ಕವಣೆ ಗೂಟದಿಂದ ಇಳಿಯಿತು. ಅಟ್ಟಣೆಯ ಹಿಂದೆ ಬದುವಿನ ಮೇಲೆ ಒಂದು ಹೊಂಗೆಮರವಿತ್ತು. ಕರಿಯಪ್ಪ ಬೂಟು ಕಳಚಿ ಹತ್ತಿದ. ಮೇಲೆ ಕೂತವನೇ ಅಭ್ಯಾಸಬಲದಿಂದ, "ದಾಯೇ ಪಚಾಸ್" ಎಂದು ಕೂಗಿದ.

"ಅದ್ಯಾವ ಸೀಮೆ ಬಾಸೆಲಾ? ಎಡ ಬಲ ಅನ್ನು. ಮಾರಿನ ಲೆಕ್ಕದಾಗೆ ಯೇಳು."

"ಬಲಕ್ಕೆ ಐದು ಮಾರು ಕಣತ್ತೆ."

ಬೀಸಿದಳು. ಕಲ್ಲು ಹೋಯಿತು. ಎಲ್ಲಿ ಬಿತ್ತೆಂದು ಮರದ ಮೇಲಿನವನಿಗೆ ತಿಳಿಯಲಿಲ್ಲ. ಆಳೆತ್ತರದ ಜೋಳ ಕಲ್ಲನ್ನು ನುಂಗಿ ಸುಮ್ಮನಿತ್ತು. ಯುದ್ಧದಲ್ಲಿ ಗುಂಡು ಬಿದ್ದ ಕಡೆ ಹೊಗೆ ಏಳುತ್ತದೆ. ಹೊಗೆ ನೋಡಿ ತಿದ್ದುತ್ತಾರೆ. ಕಲ್ಲಿಗೆಲ್ಲಿ ಹೊಗೆ? ಕರಿಯಪ್ಪ ತಲೆ ಕೆರೆದುಕೊಂಡ.

ಬುತ್ತಿ ತಂದ ಮಲ್ಲಿಗಮ್ಮ ಕೆಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ಒಲೆ ಬೂದಿ ಆಯ್ತದಾ ನೋಡಿ" ಎಂದಳು. ಮನೆಗೆ ಹೋಗಿ ಬೂದಿ ತಂದು, ಮುತ್ತುಗದ ಎಲೆಯಲ್ಲಿ ಕಲ್ಲಿನ ಜೊತೆ ಇಟ್ಟು, ನಾರಿನಿಂದ ಕಟ್ಟಿದಳು. ಮೊದಲನೆಯದು ಬೀಸುವಾಗಲೇ ಬಿಚ್ಚಿಕೊಂಡು ಅತ್ತೆ ಸೊಸೆ ಇಬ್ಬರಿಗೂ ಅಭಿಷೇಕವಾಯಿತು.

"ಬೇಕೂಂತ್ಲೇ ಸಡಿಲ ಕಟ್ಟಿದ್ದೀಯ."

"ನನ್ ಮ್ಯಾಲೂ ಬಿದ್ದದೆ ನೋಡಿ ಅತ್ತೆ."

ಎರಡನೆಯದು ಗಟ್ಟಿಯಾಗಿತ್ತು. ಹೊಲದ ನಡುವೆ ಬಿದ್ದು, ತೆನೆಗಳ ಮೇಲೆ ಬೆಳ್ಳನೆಯ ಹೊಗೆ ಎದ್ದಿತು. ಕರಿಯಪ್ಪ ಕೊಂಬೆಯ ಮೇಲೆ ಕಾಲು ಬಡಿದು ನಕ್ಕ. ಎರಡು ವರ್ಷದಲ್ಲಿ ಯಾರೂ ಅವನನ್ನು ಅಷ್ಟು ಕುತೂಹಲದಿಂದ, "ಎಲ್ ಬಿತ್ತು?" ಎಂದು ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಆಚೆಗೊಂದು, ಈಚೆಗೊಂದು, ನಡುವೆ ಒಂದು ಎನ್ನುವಂತೆ ಕಲ್ಲುಗಳು ಹೇಳಿದ ಕಡೆ ಬೀಳುತ್ತಿದ್ದವು. ಕೆಳಗಿಳಿದ ಗಿಳಿಗಳೆಲ್ಲ ಎದ್ದು ಹೋಗುತ್ತಿದ್ದವು.

ಬಸ್ಸಿಳಿದು ಬಂದ ಸಿದ್ದರಾಜು ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದ. ಅವನು ಮೂರ್ಖನಲ್ಲ.

"ಗಿಳಿ ಎದ್ದಿದ್ದು ಕಲ್ಲಿಗಲ್ಲ ಭಾವ, ನಿನ್ ಗಂಟ್ಲಿಗೆ. ನಂಗೆ ರಸ್ತೇಲೇ ಕೇಳ್ತಿತ್ತು. ಕೂಗಿ ಓಡಿಸಾದಾದ್ರೆ ಅವ್ವ ಯಾಕೆ, ಕವಣೆ ಯಾಕೆ? ಬಾಮೈದ ತಮಟೆ ಬಡೀತಾನೆ."

"ತಮಟೆಗೆ ನಾಕ್ ದಿನ ಎದುರ್ತವೆ. ಐದ್ನೇ ದಿನ ಕುಣೀತವೆ" ಎಂದಳು ಚಿಕ್ಕಬೋರಮ್ಮ. "ಕಲ್ಲಿಗೆ ಯಾವತ್ತೂ ಎದುರ್ತವೆ."

"ಅಂಗಾದ್ರೆ ಕಲ್ಲಲ್ಲೇ ಎಬ್ಬಿಸು. ಭಾನುವಾರ ಬಾಮೈದ ಬಂದಾಗ, ಒಬ್ಬ್ರೂ ಬಾಯಿ ಬಿಡ್ದಂಗೆ ಗಿಳಿ ಎಬ್ಬಿಸಿ ತೋರ್ಸಿದ್ರೆ ಕವಣೆ ನಿಂದು. ಇಲ್ದಿದ್ರೆ ಅಟ್ಟಣೆ ಅವನ್ದು. ಆಮ್ಯಾಲೆ ಮಾತಿಲ್ಲ."

ಕರಿಯಪ್ಪನ ಮುಖ ಇಳಿಯಿತು. ವೈರ್‌ಲೆಸ್ ಕೆಟ್ಟರೆ ಪಟಾಲಮ್ಮಿನಲ್ಲಿ ತಂತಿ ಎಳೆಯುತ್ತಿದ್ದರು, ಟೆಲಿಫೋನು ಕೂರಿಸುತ್ತಿದ್ದರು. ಇಲ್ಲಿ ತಂತಿ ಇದ್ದದ್ದು ತಲೆಯ ಮೇಲೆ, ಅದನ್ನು ಮುಟ್ಟುವಂತಿರಲಿಲ್ಲ. ರಾತ್ರಿಯ ಮುದ್ದೆ ನುಂಗುವಾಗಲೂ ಅವನು ಅದನ್ನೇ ಹೇಳಿದ. ತಂತಿ ಬೇಕು, ಪೆಟ್ಟಿಗೆ ಬೇಕು, ಇಲ್ಲದೆ ಆಗುವುದಿಲ್ಲ.

ಚಿಕ್ಕಬೋರಮ್ಮ ಕೈ ತೊಳೆದುಕೊಂಡು, "ಎತ್ತಿಗೆ ಯಾರ್ಲಾ ವೈರ್‌ಲೆಸ್ ಕೊಟ್ಟವ್ರೆ?" ಎಂದಳು. "ಎಡದ ಹಗ್ಗ ಎಳುದ್ರೆ ಎಡಕ್ಕೋಯ್ತವೆ, ಬಲದ್ದು ಎಳುದ್ರೆ ಬಲಕ್ಕೋಯ್ತವೆ. ಬಾಯಿ ಯಾಕ್ ಬೇಕು?"

ಬೆಳಿಗ್ಗೆ ಎರಡು ಗಾಡಿ ಹಗ್ಗ ಮರದಿಂದ ಅಟ್ಟಣೆಗೆ ಬಂದವು. ಕೈಗೆ ಕಟ್ಟಿದರೆ ಬೀಸಲಾಗದು. ಅದಕ್ಕೆ ಅವಳ ಎರಡು ಕಾಲಿನ, ಪಾದದ ಮೇಲಿನ ಹರಡಿಗೆ ಕಟ್ಟಿದರು. ಎಡಗಾಲು ಜಗ್ಗಿದರೆ ಎಡಕ್ಕೆ, ಬಲಗಾಲು ಜಗ್ಗಿದರೆ ಬಲಕ್ಕೆ. ಎರಡೂ ಒಟ್ಟಿಗೆ ಒಮ್ಮೆ ಜಗ್ಗಿದರೆ ಇನ್ನೂ ಆಚೆಗೆ, ಎರಡು ಸಲ ಜಗ್ಗಿದರೆ ಈಚೆಗೆ. ಮೆಲ್ಲಗೆ ಎಳೆದರೆ ಸ್ವಲ್ಪ, ಜೋರಾಗಿ ಎಳೆದರೆ ಜಾಸ್ತಿ. ಮೊದಲ ಸಲ ಕರಿಯಪ್ಪ ಮಿಲಿಟರಿ ಬಲ ತೋರಿಸಿದ್ದರಿಂದ ಚಿಕ್ಕಬೋರಮ್ಮ ಅಟ್ಟಣೆಯ ಮೇಲೆ ದೊಪ್ಪನೆ ಕೂತಳು.

"ಮೇಯ್ಸೋಕ್ ಮುಂಚೆ ಉಳ್ತೀಯೇನ್ಲಾ? ನನ್ನೂ ಎತ್ತು ಮಾಡ್ಬುಟ್ಟೆ."

"ಎತ್ತು ಯೇಳಿದ್ ಮಾತು ಕೇಳ್ತದೆ ಕಣತ್ತೆ. ನೀನೇ ಕೇಳಾಕಿಲ್ಲ."

ಶನಿವಾರದವರೆಗೆ ಅಭ್ಯಾಸ ನಡೆಯಿತು. ಅವಳ ಹರಡು ಉಜ್ಜಿ ಕೆಂಪಾಯಿತು. ಹಗ್ಗಕ್ಕೆ ಹಳೆಯ ಸೀರೆ ಸುತ್ತಿಕೊಂಡಳು. ಜಗ್ಗಿದ ಕಡೆಗೆ ಮೈ ತಾನಾಗಿ ತಿರುಗತೊಡಗಿತು. ಶನಿವಾರ ಸಂಜೆ ಬರುವಾಗ ಅವಳು ಮಣ್ಣಿನ ದಾರಿಯಲ್ಲಿ ಹಾಡು ಗುನುಗುತ್ತಿದ್ದುದನ್ನು ಮಲ್ಲಿಗಮ್ಮ ಕೇಳಿಸಿಕೊಂಡು, ಕೇಳಿಸದವಳಂತೆ ನಡೆದಳು.

ಭಾನುವಾರ ಬೆಳಗಿನ ಬಸ್ಸಿಗೆ ಬಾಮೈದ ತಮಟೆ, ಹಾಸಿಗೆ ಸುರುಳಿ ಸಮೇತ ಬಂದಿಳಿದ. ಹದಿನೆಂಟರ ಹುಡುಗ, ಮೀಸೆಗೆ ಎಣ್ಣೆ ಹಚ್ಚಿದ್ದ. ಸಿದ್ದರಾಜು ಕೈ ಕಟ್ಟಿ ನಿಂತ. ಮರಿಸಿದ್ದಯ್ಯನೂ ತನ್ನ ಬದುವಿಗೆ ಬಂದಿದ್ದ. ಚಿಕ್ಕಬೋರಮ್ಮ ಅಟ್ಟಣೆ ಹತ್ತಿದಳು, ಕರಿಯಪ್ಪ ಮರ ಹತ್ತಿದ.

ತಂತಿಯ ಮೇಲಿದ್ದ ಗಿಳಿಗಳು ಮೊದಲು ಒಂದೆರಡಾಗಿ, ಆಮೇಲೆ ಹಿಂಡಾಗಿ ಇಳಿದವು. ತೆನೆಗಳು ಬಾಗಿದವು. ಚಿಕ್ಕಬೋರಮ್ಮನಿಗೆ ಕಿವಿಯಲ್ಲಿ ಮಾತ್ರ ಗೊತ್ತು: ಕಟಕಟ ಕಡಿಯುವ ಸದ್ದು, ಎಡಗಡೆ, ದೂರ. ಎಡಗಾಲಿನ ಹಗ್ಗ ಮೆಲ್ಲಗೆ ಎಳೆಯಿತು. ತಿರುಗಿದಳು. ಬೂದಿಯ ಉಂಡೆ ಬೀಸಿ ಬಿಟ್ಟಳು. ಗಿಳಿಗಳ ಆಚೆ ಬೆಳ್ಳಗೆ ಹೊಗೆ ಎದ್ದಿತು. ಒಂದೆರಡು ಕತ್ತು ಎತ್ತಿ ನೋಡಿ ಮತ್ತೆ ತಿನ್ನತೊಡಗಿದವು. ಬಾಮೈದ ಕಿಸಕ್ಕೆಂದ. ಎರಡು ಕಾಲೂ ಎರಡು ಸಲ ಜಗ್ಗಿದವು. ಇನ್ನೊಂದು ಉಂಡೆ ಈಚೆ ಬಿತ್ತು. ಸಿದ್ದರಾಜು ಹಲ್ಲು ಕಚ್ಚಿಕೊಂಡಿದ್ದ, ಯಾರ ಪರವಾಗಿ ಎಂದು ಅವನಿಗೂ ತಿಳಿದಿರಲಿಲ್ಲ. ಎರಡು ಕಾಲೂ ಒಂದು ಸಲ, ಹೂವೆತ್ತಿದಷ್ಟು ಮೆಲ್ಲಗೆ.

ಈ ಸಲ ಅವಳು ಇಟ್ಟದ್ದು ಬೂದಿಯಿಲ್ಲದ ಬರಿ ಕಲ್ಲು.

ಒಣಗಲು ಹರವಿದ ಹಸಿರು ಸೀರೆಯನ್ನು ಗಾಳಿ ಎತ್ತಿದ ಹಾಗೆ ಹಿಂಡು ಎದ್ದಿತು. ಅದೊಂದನ್ನೂ ಅವಳು ಕಾಣಲಿಲ್ಲ. ಹಗ್ಗಗಳು ಸಡಿಲವಾಗಿ ಬಿದ್ದವು.

"ಎದ್ವಾ?" ಎಂದಳು. "ಎದ್ವೇನ್ರಲಾ, ಬಾಯಲ್ಲೇನು ಕಡುಬು ಮಡಿಕಂಡಿದ್ದೀರಾ?"

ಪಕ್ಕದ ಹೊಲದಿಂದ ಮರಿಸಿದ್ದಯ್ಯ ಕೂಗಿದ: "ಎದ್ದು ನನ್ನೊಲಕ್ಕೆ ಬಂದು ಕುಂತ್ವು ಕಣಮ್ಮ. ಇತ್ಲಾಗೂ ವಸಿ ಬುಡು."

"ನೀನು ಕುಂತಿದ್ದೀಯೋ, ನಿಂತಿದ್ದೀಯೋ?"

"ನಿಂತಿವ್ನಿ ಕಣಮ್ಮ, ನಿಂತಿವ್ನಿ."

ಬಲಗಾಲು ಜಗ್ಗಿತು. ಮೂರು ಉಂಡೆಯಲ್ಲಿ ಅವನ ಹೊಲದ ಗಿಳಿಗಳೂ ಎದ್ದು ರಸ್ತೆಯಾಚೆ ಹೋದವು. ಸಿದ್ದರಾಜು ಜೋರಾಗಿ ನಕ್ಕುಬಿಟ್ಟ. ಮಲ್ಲಿಗಮ್ಮ ಮೊದಲೇ ನಗುತ್ತಿದ್ದಳು. ಅವನು ತಮಟೆಯನ್ನು ಎತ್ತಿ ಬಾಮೈದನ ಹೆಗಲಿಗೆ ಹಾಕಿ, "ಊಟ ಮಾಡ್ಕಂಡು ನಾಕ್ ಗಂಟೆ ಬಸ್ಸಿಗೆ ಓಗಪ್ಪ" ಎಂದ. ಕವಣೆಯ ಮಾತು ಎತ್ತಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

ಸಂಕ್ರಾಂತಿಗೆ ಮುಂಚೆ ಕರಿಯಪ್ಪನ ರಜೆ ಮುಗಿಯಿತು. ಟ್ರಂಕು ಹೊತ್ತು ಬಸ್ಸು ಹತ್ತಿದ. ಮಾರನೆಯ ದಿನ ಮಲ್ಲಿಗಮ್ಮ ಸೀರೆ ಎತ್ತಿ ಕಟ್ಟಿ ಹೊಂಗೆಮರ ಏರಿದಳು. ಹೆಂಗಸು ಮರ ಹತ್ತಿದಳೆಂದು ಊರು ಒಂದು ದಿನ ಮಾತಾಡಿತು. ಎರಡನೆಯ ದಿನ ಮರಿಸಿದ್ದಯ್ಯ, ತನ್ನ ಮೂಲೆಯೂ ಕಾಣುವಂತೆ ಇನ್ನೊಂದು ಕೊಂಬೆ ಮೇಲೆ ಕೂರಲು ಹೇಳಿ ಹೋದ. ಅವಳು ಕರಿಯಪ್ಪನಿಗಿಂತ ಚೆನ್ನಾಗಿ ನೋಡುತ್ತಿದ್ದಳು, ಅವನಿಗಿಂತ ಜೋರಾಗಿ ಎಳೆಯುತ್ತಿದ್ದಳು.

"ಅಳೇ ಜಗಳಾನೆಲ್ಲ ಸೇರ್ಸಿ ಎಳೀತಾಳೆ" ಎಂದು ಚಿಕ್ಕಬೋರಮ್ಮ ದಾರಿಹೋಕರಿಗೆಲ್ಲ ದೂರುತ್ತಿದ್ದಳು. ಬೆಳಿಗ್ಗೆ ಮಾತ್ರ ಸೊಸೆಗಿಂತ ಮುಂಚೆ ಎದ್ದು, ಬೂದಿ ಜರಡಿ ಹಿಡಿದು, ಹಗ್ಗ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಎರಡೂ ಹೊಲದ ಜೋಳ ಕಣಕ್ಕೆ ಬಂತು. ಆ ಸಲ ಹೋದದ್ದು ಇಷ್ಟು: ರಸ್ತೆ ಬದಿಯ ಎರಡು ಸಾಲು ತೆನೆ, ಎಳೆದೆಳೆದು ಸವೆದ ಗಾಡಿ ಹಗ್ಗ ಒಂದು, ಮರ ಹತ್ತುವಾಗ ಜಾರಿದ ಮಲ್ಲಿಗಮ್ಮನ ಎಡಗಾಲಿನ ಕಾಲುಂಗುರ, ಕಲ್ಲಿಗೆ ಸಿಕ್ಕಿದ ಗಿಳಿ ಒಂದು.