ಆರ್ಜಿಯಾಳ ಜೋಳ

ಪಿಯೆವಾಲ್ಟಾ ಊರಿನ ಚರ್ಚಿನಲ್ಲಿ ಶನಿವಾರ ಮಧ್ಯಾಹ್ನ ಹದಿನೆಂಟು ಹೆಂಗಸರು ಹಾಡು ಅಭ್ಯಾಸ ಮಾಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ನೀವೆಸ್ ತಾದ್ದೇಯಿಗೆ ಮೈಯೆಲ್ಲ ಉರಿ. ಅವಳು ನಾಳಿನ ಸಂಗೀತ ಕಚೇರಿಯ ಮುಖ್ಯ ಅತಿಥಿ. ಮೂವತ್ತು ವರ್ಷ ಲ್ಯೂಟ್ ಎಂಬ ತಂತಿವಾದ್ಯ ಹೆಗಲಿಗೆ ಹಾಕಿಕೊಂಡು, ಹಳೆಯ ಕಾಲದ ಮಟ್ಟುಗಳಲ್ಲಿ ತನ್ನದೇ ಹಾಡು ಕಟ್ಟಿ, ಚೌಕ ಚೌಕಗಳಲ್ಲಿ ಹಾಡಿ ಹನ್ನೊಂದು ರೆಕಾರ್ಡು ತಂದವಳು. ಹುಟ್ಟೂರು ಕರೆದಿದೆ ಎಂದು ಬಂದಿದ್ದಳು. ಬಂದು ಕೇಳಿದ್ದು ಇದು:

"ಹೊಸಿಲ ಮೇಲೆ ಕೂತು ನವಣೆ ಬಿಡಿಸುತಾಳೆ ನನ್ನಮ್ಮ…"

"ನಿಲ್ಸಿ!" ಎಂದಳು.

ಹಾಡು ನಿಂತಿತು. ಹಾಡಿಸುತ್ತಿದ್ದ ಪ್ರೊಫೆಸರ್ ಸೆರ್ವೆಂತಿ ಎತ್ತಿದ ಕೈಯನ್ನು ಹಾಗೇ ಹಿಡಿದು ಹಿಂತಿರುಗಿ ನೋಡಿದರು.

"ನವಣೆ ಅಲ್ಲ ಸ್ವಾಮೀ, ಜೋಳ. ಮುಸುಕಿನ ಜೋಳ. ನವಣೆನ ಯಾರಾದ್ರೂ ತೆನೆಯಿಂದ ಒಂದೊಂದೇ ಬಿಡಿಸ್ತಾರಾ?"

ಪ್ರೊಫೆಸರ್ ಮೃದುವಾಗಿ ನಕ್ಕರು. "ಸಿನ್ಯೋರಾ, ಇದು ಹದಿನಾಲ್ಕನೇ ಶತಮಾನದ ಹಾಡು. ಆಗ ಈ ನೆಲದಲ್ಲಿ ಮುಸುಕಿನ ಜೋಳ ಎಲ್ಲಿತ್ತು? ಸಮುದ್ರದಾಚೆಯಿಂದ ಅದು ಬಂದಿದ್ದೇ ಆಮೇಲೆ. ಬರೆದುಕೊಂಡವನು ಯಾರೋ ತಪ್ಪು ಮಾಡಿದ್ದಾನೆ. ಹಳೇ ಹಾಡುಗಳ ನನ್ನ ಪುಸ್ತಕದಲ್ಲಿ ತಿದ್ದಿದ್ದೀನಿ."

"ಬರೆದೋಳು ನಾನು."

"ನೀವು ಹುಡುಕಿದವರು. ಅದಕ್ಕೆ ನಾವೆಲ್ಲ ಋಣಿಗಳು."

"ಹುಡುಕಿದ್ದಲ್ಲ, ಬರೆದಿದ್ದು! ನಮ್ಮಮ್ಮ ಆರ್ಜಿಯಾ ಸತ್ತ ವರ್ಷ, ಬೊಲೋನ್ಯ ಪಟ್ಟಣದ ಬಾಡಿಗೆ ಕೋಣೇಲಿ ಕೂತ್ಕೊಂಡು ಬರೆದೆ."

ಪ್ರೊಫೆಸರ್ ಹೆಂಗಸರ ಕಡೆ ನೋಡಿ, ಕಾಯಿಲೆಯವರ ಮುಂದೆ ದನಿ ತಗ್ಗಿಸುವ ಹಾಗೆ ತಗ್ಗಿಸಿದರು. "ಒಂದು ವಯಸ್ಸಿಗೆ ಕಲಾವಿದರಿಗೆ ಹೀಗನ್ನಿಸೋದುಂಟು. ಅಷ್ಟು ವರ್ಷ ಹಾಡಿ ಹಾಡಿ ತಮ್ಮದೇ ಅಂತ…"

ನೀವೆಸಳ ಕಿವಿ ಬಿಸಿಯಾಯಿತು. ಬೊಲೋನ್ಯದಲ್ಲಿ ಮೊದಲ ಸಲ ಕಚೇರಿ ಕೊಡಿಸಿದವನೂ ಹೀಗೇ ನಕ್ಕಿದ್ದ. ಗೇಣಿದಾರರ ಮನೆ ಹುಡುಗಿಯ ಹಾಡು ಯಾರಿಗೆ ಬೇಕು, ಹಳೆಯದೇನಾದರೂ ಇದ್ದರೆ ಹಾಡು ಎಂದಿದ್ದ. ಆ ಸಿಟ್ಟಿನಲ್ಲೇ ಅವಳು ವೇದಿಕೆ ಹತ್ತಿ ಹೇಳಿದ್ದಳು: ಹದಿನಾಲ್ಕನೇ ಶತಮಾನ, ಕವಿ ಅಜ್ಞಾತ, ನಮ್ಮೂರ ಚರ್ಚಿನ ಹಳೇ ಪುಸ್ತಕದಲ್ಲಿ ಸಿಕ್ಕಿತು, ಪುಸ್ತಕ ಆಮೇಲೆ ಸುಟ್ಟುಹೋಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೂರ್ಖರನ್ನು ಏಮಾರಿಸಿದೆ ಎಂದು ಅವತ್ತು ಅವಳಿಗೆ ಖುಷಿಯಾಗಿತ್ತು. ರೆಕಾರ್ಡಿನ ಮೇಲೂ ಹಾಗೇ ಅಚ್ಚಾಯಿತು. ಹೆಸರು ಹೋದರೆ ಹೋಗಲಿ, ಅಮ್ಮನ ಕೈ ಹಾಡಿನಲ್ಲಿ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಈ ಮನುಷ್ಯ ಆ ಕೈಯೊಳಗಿನ ತೆನೆಯನ್ನೇ ಕಿತ್ತುಕೊಂಡಿದ್ದಾನೆ.

ಸುಗ್ಗಿ ಮುಗಿದ ಮೇಲೆ ಆರ್ಜಿಯಾ ಕಬ್ಬಿಣದ ಪಟ್ಟಿಯ ಅಂಚಿಗೆ ತೆನೆ ಉಜ್ಜಿ ಉಜ್ಜಿ ಕಾಳು ಉದುರಿಸುತ್ತಿದ್ದಳು. ಬೆರಳ ಸಂದಿ ಸೀಳಿ ನೆತ್ತರು ಬರುತ್ತಿತ್ತು. ಅರ್ಧ ಧಣಿಯ ಚೀಲಕ್ಕೆ, ಅರ್ಧ ಮನೆಯ ಐದು ಬಾಯಿಗೆ. ಧಣಿಯ ಕಾರುಭಾರಿ ಅವಳ ಅರ್ಧದೊಳಗೂ ಕೈ ಹಾಕಿ ಒಳ್ಳೆಯ ಕಾಳು ಆರಿಸುತ್ತಿದ್ದ. ಇದು ಯಾವ ಶತಮಾನದ ಮಾತು? ಹಾಡುತ್ತಿದ್ದವರಲ್ಲಿ ಅರ್ಧ ಜನ ಅದನ್ನು ಕಣ್ಣಾರೆ ಕಂಡವರು.

ನೀವೆಸ್ ಎದ್ದಳು. ಮೊದಲ ಸಾಲಿನವರ ಕೈಯಿಂದ ಹಾಡಿನ ಹಾಳೆ ಕಿತ್ತುಕೊಳ್ಳತೊಡಗಿದಳು.

"ಇದೇನು ಮಾಡ್ತಿದ್ದೀರಿ? ನಾಳೆ ಕಾರ್ಯಕ್ರಮ ಇದೆ!" ಪ್ರೊಫೆಸರ್ ಕೂಗಿದರು.

"ಬೇರೆ ಯಾವುದಾದ್ರೂ ಅಜ್ಞಾತ ಕವೀದು ಹಾಡ್ಸಿ. ಅವರ್ಯಾರೂ ಎದ್ದು ಬಂದು ಜಗಳ ಆಡಲ್ಲ."

ಯಾರೋ ಕಿಸಕ್ಕೆಂದರು. ಆರು ಹಾಳೆ ಕೈಗೆ ಬಂದವು. ಏಳನೆಯದನ್ನು ದಿರ್ಚೆ ಬಿಡಲಿಲ್ಲ. ದಿರ್ಚೆ ಊರಿನ ಬ್ರೆಡ್ಡಿನ ಅಂಗಡಿಯವಳು, ನೀವೆಸಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು.

"ಬಿಡೇ ದಿರ್ಚೆ."

"ಕಾಗದ ಬೇಕಾದ್ರೆ ತಗೊಂಡ್ಹೋಗು. ಹಾಡು ಹೆಂಗ್ ಕಿತ್ಕೊಂಡ್ಹೋಗ್ತೀಯ? ನನ್ ಗಂಡನ್ನ ಮಣ್ಣಿಗಿಟ್ಟಾಗ ಇದನ್ನೇ ಹಾಡಿದ್ದೀನಿ."

"ಏನಂತ ಹಾಡ್ದೆ? ನವಣೆ ಅಂತಾನಾ?"

"ಹಿಟ್ಟು ಅಂತ. ಹಿಟ್ಟು ನಾದುತಾನೆ ನನ್ನವನು ಅಂತ. ಒಲೆ ಮುಂದೆ ಸತ್ತೋನು ಕಣೇ ಅವ್ನು. ಅವ್ನಿಗೆ ನಿನ್ ಜೋಳ ಯಾಕೆ?"

ನೀವೆಸ್ ಹಾಳೆಯನ್ನು ಮತ್ತೆ ಜಗ್ಗಿದಳು. "ಅದು ನಮ್ಮಮ್ಮನ ಹಾಡು! ಬಾಯಿಗೆ ಬಂದ ಹಾಗೆ ಬದಲಾಯ್ಸೋಕೆ ನೀನ್ಯಾರೇ?"

"ಓಹೋ! ಯಾರದ್ದೂ ಅಲ್ಲ, ಅಜ್ಞಾತ ಅಜ್ಞಾತ ಅಂತ ಮೂವತ್ ವರ್ಷ ಊರೂರಲ್ಲಿ ಸಾರಿದ್ದು ಯಾರು? ಈ ಪ್ರೊಫೆಸ್ರಾ? ನಾನಾ? ನೀನು ಬಾಗಿಲು ತೆಗೆದಿಟ್ಟೆ, ನಾವು ಒಳಗ್ ಬಂದ್ವಿ. ಈಗ ಕಳ್ರು ಕಳ್ರು ಅಂತ ಕೂಗಿದ್ರೆ?"

ಇಷ್ಟು ಹೊತ್ತು ಪ್ರೊಫೆಸರ ಮೇಲೆ, ಬೊಲೋನ್ಯದವನ ಮೇಲೆ ಎಗರಿದ ಸಿಟ್ಟು ತಿರುಗಿ ಬಂದು ನೀವೆಸಳ ಎದೆಗೇ ಒದೆಯಿತು. ಅವಮಾನಕ್ಕೆ ಕಣ್ಣು ಕೆಂಪಾಯಿತು. ನೀರು ಬರಲು ಮಾತ್ರ ಬಿಡಲಿಲ್ಲ.

ಪ್ರೊಫೆಸರ ಜೇಬಿನಿಂದ ಪೆನ್ಸಿಲ್ ಎಳೆದುಕೊಂಡಳು. ದಿರ್ಚೆಯ ಹಾಳೆಯನ್ನು ಬೆಂಚಿನ ಮೇಲೆ ಹರಡಿ ನವಣೆಯ ಮೇಲೆ ಗೆರೆ ಹೊಡೆದು ಜೋಳ ಎಂದು ಬರೆದಳು. ಮೇಲೆ ಕವಿಯ ಹೆಸರಿನ ಜಾಗದಲ್ಲಿದ್ದ ಅಜ್ಞಾತದ ಮೇಲೂ ಗೆರೆ ಎಳೆದಳು.

"ಸಾವಿನ ಮನೇಲಿ ಏನ್ ಬೇಕಾದ್ರೂ ಹಾಡ್ಕೋ. ಇಲ್ಲಿ, ನಮ್ಮಮ್ಮ ಮಂಡಿಯೂರಿದ ಚರ್ಚಲ್ಲಿ, ಜೋಳ."

"ಹಾಗಾದರೆ ನಾನು ಹಾಡಿಸೋದಿಲ್ಲ," ಎಂದರು ಪ್ರೊಫೆಸರ್. "ನನ್ನ ಪುಸ್ತಕಕ್ಕೆ ಒಂದು ಮರ್ಯಾದೆ ಇದೆ."

"ನೀವ್ ಕೈ ಆಡಿಸ್ದೆ ಹೋದ್ರೆ ನಾವ್ ಉಸಿರಾಡಲ್ವಾ?" ಎಂದಳು ದಿರ್ಚೆ. ಆಮೇಲೆ ಪೆನ್ಸಿಲಿನ ಮೇಲೆ ತನ್ನ ದಪ್ಪ ಬೆರಳಿಟ್ಟು ನೀವೆಸಳನ್ನು ತಡೆದಳು. "ನಿಲ್ಲು. ಅಜ್ಞಾತ ಹೊಡೆದ್ಹಾಕಿದ್ಯಲ್ಲ, ಅಲ್ಲಿ ನಿನ್ ಹೆಸರು ಬರಿ. ಬರ್ದು ನಾಳೆ ಜನದ ಮುಂದೆ ಎದ್ದು, ಆ ಸುಟ್ಟುಹೋದ ಪುಸ್ತಕ ಸುಳ್ಳು ಅಂತ ಹೇಳು. ಹೇಳಕ್ಕಾಗಲ್ಲ ಅಂದ್ರೆ ಪೆನ್ಸಿಲ್ ಕೆಳಗಿಡು."

ಹನ್ನೊಂದು ರೆಕಾರ್ಡು, ಮೂವತ್ತು ವರ್ಷದ ಚಪ್ಪಾಳೆ. ನಾಳೆಯಿಂದ ಪತ್ರಿಕೆಯವರು ಅವಳನ್ನು ಸುಳ್ಳುಗಾತಿ ಎನ್ನುತ್ತಾರೆ. ಎನ್ನಬೇಕಾದ್ದೇ.

"ಹೇಳ್ತೀನಿ," ಎಂದಳು ಹಲ್ಲು ಕಚ್ಚಿ. "ಆದ್ರೆ ಯಾರೂ ನಗೋ ಹಾಗಿಲ್ಲ."

"ನಗ್ತೀವಿ ಕಣೇ. ಯಾಕ್ ನಗಲ್ಲ?"

ನೀವೆಸ್ ತನ್ನ ಹೆಸರನ್ನು ಕಾಗದ ಹರಿಯುವಷ್ಟು ಒತ್ತಿ ಬರೆದಳು. ಮುಂದಿನ ಹಾಳೆಗೆ ಕೈ ಚಾಚಿದಳು.