ವಾಲಗ ನಿಂತ ಜಾಗ

ಬೆಳಗಿನಿಂದ ಕವನಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೋಪಾಳ ಬಡಾವಣೆಯ ಅತುಲ್‌ನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವಳ ಮೊದಲ ಜಾಝ್ ಆಲ್ಬಂ ಸಿದ್ಧವಾಗಿತ್ತು. ಸಂಜೆಗೆ ಬಿಡುಗಡೆ. ಸಂಭ್ರಮಪಡಬೇಕಾದವಳು ಉಗುರು ಕಚ್ಚುತ್ತ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದಳು. ಕಾರಣ, ಕೊನೆಯ ಟ್ರ್ಯಾಕ್.

ಅದಕ್ಕೆ ಅಪ್ಪನನ್ನು ಕರೆಸಿದ್ದು ಅವಳೇ. ಭದ್ರಾವತಿಯ ಸುತ್ತಮುತ್ತ ಮದುವೆಗಳಿಗೆ ರಂಗಪ್ಪನ ಸ್ಯಾಕ್ಸೋಫೋನ್ ವಾಲಗವೆಂದರೆ ಹೆಸರುವಾಸಿ. ಕವನ ಊದಲು ಕಲಿತದ್ದೂ ಅವನ ಪಕ್ಕದಲ್ಲಿ ಕೂತೇ. ಧಾರೆ ಮುಗಿಯುವ ತನಕ ವಾಲಗ ನಿಲ್ಲಬಾರದು, ನಿಂತರೆ ಅಪಶಕುನ. ಒಬ್ಬರ ಉಸಿರು ಮುಗಿಯುವ ಮುಂಚೆ ಇನ್ನೊಬ್ಬರು ಎತ್ತಿಕೊಳ್ಳಲೇಬೇಕು.

ರೆಕಾರ್ಡಿಂಗ್‌ನಲ್ಲಿ ಈ ಟ್ರ್ಯಾಕ್‌ನ ನಡುವೆ ಕವನ ಬೇಕೆಂದೇ ನಿಲ್ಲಿಸುತ್ತಿದ್ದಳು. ಪೂರ್ತಿ ಮೌನ, ಆಮೇಲೆ ಅವಳೊಬ್ಬಳದೇ ಸ್ವರ. ಇಡೀ ಆಲ್ಬಂ ಮಾಡಿದ್ದೇ ಆ ಮೌನಕ್ಕಾಗಿ ಎಂದರೂ ತಪ್ಪಿಲ್ಲ. ಆದರೆ ಎಷ್ಟು ಹೇಳಿಕೊಟ್ಟರೂ ಅಷ್ಟೇ. ಅವಳು ನಿಲ್ಲಿಸಿದ್ದೇ ತಡ, ರಂಗಪ್ಪ ಗಬಕ್ಕನೆ ಎತ್ತಿಕೊಂಡುಬಿಡುತ್ತಿದ್ದ.

"ಅಪ್ಪಾ, ಇದು ಮದ್ವೆ ಮನೆ ಅಲ್ಲ! ಎಲ್ಲಾ ಹಾಳು ಮಾಡ್ತಿದೀಯ!" ಎಂದು ಅತುಲ್‌ನ ಎದುರಿಗೇ ರೇಗಿದ್ದಳು.

ರಂಗಪ್ಪ ವಾದ್ಯ ಒರೆಸಿ ಪೆಟ್ಟಿಗೆಗಿಟ್ಟು ಬಸ್ ಹತ್ತಿದ್ದ. ಅವನು ಹೋದ ಮೇಲೆ ಕವನ ಒಬ್ಬಳೇ ಊದಿ ಮುಗಿಸಿದ್ದಳು.

ಈಗ ಅದನ್ನು ಅವನಿಗೆ ಹೇಳಬೇಕಲ್ಲ! ಮಹಾ ಧೈರ್ಯಸ್ಥೆ, ಸಾವಿರ ಜನರ ಎದುರು ಅಳುಕದೆ ಊದುವವಳು, ಅಪ್ಪನಿಗೊಂದು ಫೋನ್ ಮಾಡಲು ಹೆದರಿ ಕೂತಿದ್ದಳು. ಮಧ್ಯಾಹ್ನ ಇನ್ನು ತಡೆಯಲಾರದೆ ಭದ್ರಾವತಿ ಬಸ್ ಹತ್ತಿದಳು. ಸೀಟು ಖಾಲಿಯಿದ್ದರೂ ನಿಂತೇ ಹೋದಳು.

ರಂಗಪ್ಪ ಜಗಲಿಯ ಮೇಲಿದ್ದ. ಕವನ ಇಯರ್‌ಫೋನ್ ಅವನ ಕೈಗಿಟ್ಟಳು.

"ಕೇಳಪ್ಪ. ಇದ್ರಲ್ಲಿ ನೀನಿಲ್ಲ. ನಾನೊಬ್ಳೇ ಊದಿದೀನಿ."

ಅವನು ತಲೆಯಾಡಿಸಿ ಕಿವಿಗೆ ಸಿಕ್ಕಿಸಿಕೊಂಡ. ಮೌನದ ಜಾಗ ಬಂತೆಂದು ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ರಂಗಪ್ಪ ಎದೆ ತುಂಬ ಉಸಿರೆಳೆದುಕೊಂಡ. ಮರುಕ್ಷಣವೇ ಅಂಗೈಯಿಂದ ಬಾಯಿ ಒತ್ತಿ ಹಿಡಿದ. ಹಾಗೇ ಕೂತಿದ್ದು, ಕೊನೆಗೆ ಉಸಿರು ಬಿಟ್ಟಾಗ ಅವನ ಕಣ್ಣು ತುಂಬಿತ್ತು.

"ಸಣ್ಣೋಳಿದ್ದಾಗ ನಿಂಗೆ ದಮ್ಮು ಸಾಲ್ತಿರ್ಲಿಲ್ಲ ಮಗಾ. ನಡುವೆ ನಿಂತೋಗ್ತಿದ್ದೆ. ಜನ ನಗ್ಬಾರ್ದು ಅಂತ ನಾನು ಎತ್ಕೊಳ್ತಿದ್ದೆ. ಸ್ಟುಡಿಯೋದಲ್ಲೂ ನೀನು ನಿಲ್ಸಿದ ತಕ್ಷಣ ಜೀವ ಹಾರೋಗೋದು. ಎಷ್ಟು ತಡೆದ್ರೂ ಆಗ್ತಿರ್ಲಿಲ್ಲ."

ಇಷ್ಟು ದಿನ ಅದನ್ನು ಅವನ ಹಟವೆಂದುಕೊಂಡಿದ್ದ ಕವನಳಿಗೆ ಅಳು ಬಂತು.

"ಸಂಜೆ ಬಿಡುಗಡೆ ಬೇಡ. ಅತುಲ್‌ಗೆ ಹೇಳ್ತೀನಿ. ನೀನು ಬಾ, ಇಬ್ರೂ ಮತ್ತೆ ಊದಣ."

"ಬೇಡ ಕಣೇ. ಯಾರೂ ಎತ್ಕೊಳ್ದೇ ಒಬ್ಳೇ ವಾಪಸ್ ಸ್ವರಕ್ಕೆ ಬಂದ್ಯಲ್ಲ, ಅದು ಹಂಗೇ ಇರ್ಲಿ" ಎಂದ ರಂಗಪ್ಪ. ಆ ಜಾಗವನ್ನೇ ಇನ್ನೊಮ್ಮೆ ಹಾಕಲು ಹೇಳಿದ.

ಕವನ ಹಾಕಿದಳು. ಈ ಸಲವೂ ಅವನು ಕೈಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದ.